ನಾಲ್ಕು ಮಿಲಿಮೀಟರ್‌ನ ಕಥೆ

1994ರ ಮೇ 1. ಭಾನುವಾರ. ಇಟಲಿಯ ಇಮೋಲಾ. ಫಾರ್ಮುಲಾ ಒನ್ ರೇಸ್‌ನ ಏಳನೇ ಸುತ್ತು. ಎಲ್ಲರಿಗಿಂತ ಮುಂದಿದ್ದವನು ಬ್ರೆಜಿಲ್‌ನ ಐರ್ಟನ್ ಸೆನ್ನಾ. ಮೂರು ಸಲ ವಿಶ್ವ ಚಾಂಪಿಯನ್, ವಯಸ್ಸು 34. ಟಾಂಬುರೆಲ್ಲೋ ಅನ್ನೋ ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. 300 ಕಿಲೋಮೀಟರ್ ದಾಟಿದ ವೇಗದಲ್ಲಿ ನೇರವಾಗಿ ಕಾಂಕ್ರೀಟ್ ಗೋಡೆಯ ಕಡೆಗೆ ಹೋಯಿತು. ಸೆನ್ನಾ ಬ್ರೇಕ್ ಒತ್ತಿದ್ದ. ಆದರೂ ಡಿಕ್ಕಿ ಹೊಡೆದಾಗ ವೇಗ 200ರ ಮೇಲೇ ಇತ್ತು. ಅದೇ ಸಂಜೆ ಬೊಲೋನಾದ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ.

ಇಡೀ ಜಗತ್ತು ಟಿವಿಯಲ್ಲಿ ಇದನ್ನ ನೋಡಿತು. ಆದರೆ ಕಾರಿನ ಪಕ್ಕ ಬಿದ್ದಿದ್ದ ಒಂದು ವಸ್ತುವೇ ಮುಂದೆ ಹದಿಮೂರು ವರ್ಷ ಕೋರ್ಟಿನಲ್ಲಿ ಮಾತಾಡಿತು. ಅದು ಸ್ಟೀರಿಂಗ್ ವ್ಹೀಲ್. ಅದರ ಜೊತೆಗೇ ತುಂಡಾದ ಸ್ಟೀರಿಂಗ್ ಕಾಲಂ.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ರೇಸ್ ಕಾರಿನ ಸ್ಟೀರಿಂಗ್ ವ್ಹೀಲ್ ಕೈಯಲ್ಲೇ ಬಿಚ್ಚಿಕೊಳ್ಳೋ ಥರ ಇರುತ್ತೆ. ಯಾಕೆ? ಕಾಕ್‌ಪಿಟ್ ಅಷ್ಟು ಇಕ್ಕಟ್ಟು. ಅದನ್ನ ತೆಗೆಯದೆ ಚಾಲಕ ಒಳಗೆ ಕೂರೋಕೂ ಆಗಲ್ಲ, ಬೆಂಕಿ ಹತ್ತಿದರೆ ಹೊರಗೆ ಬರೋಕೂ ಆಗಲ್ಲ. ಜೀವ ಉಳಿಸೋಕೆ ಮಾಡಿದ ವ್ಯವಸ್ಥೆ ಅದು. ಇಮೋಲಾದಲ್ಲಿ ವ್ಹೀಲ್ ಕಳಚಿದ್ದು ಆ ಬೀಗದಿಂದಲ್ಲ. ಅದರ ಕೆಳಗಿನ ಕೊಳವೆಯೇ ಮುರಿದಿತ್ತು.

ಯಾಕೆ ಮುರೀತು? ಕಾಕ್‌ಪಿಟ್‌ನಲ್ಲಿ ಕೈಯಾಡಿಸೋಕೆ ಜಾಗ ಸಾಲದು ಅಂತ ಸೆನ್ನಾ ಹೇಳಿದ್ದ. ವಿಲಿಯಮ್ಸ್ ತಂಡ ಅವನಿಗೋಸ್ಕರ ಕಾಲಂ ಬದಲಾಯಿಸಿತು. ಸುಮಾರು 22 ಮಿಲಿಮೀಟರ್ ವ್ಯಾಸದ ಕೊಳವೆಯ ಮಧ್ಯೆ 18 ಮಿಲಿಮೀಟರ್‌ನ ತೆಳ್ಳನೆಯ ತುಂಡು ಬಂತು. ಕಡಿಮೆಯಾಗಿದ್ದು ನಾಲ್ಕೇ ನಾಲ್ಕು ಮಿಲಿಮೀಟರ್! ಆದರೆ ಲೋಹದ ಲೆಕ್ಕ ಬೇರೆ. ಕೊಳವೆ ಸ್ವಲ್ಪ ಸಣ್ಣದಾದರೂ ತಿರುಚುವ ಬಲವನ್ನ ತಡೆಯೋ ಶಕ್ತಿ ಬಹಳ ಕುಸಿಯುತ್ತೆ. ದಪ್ಪ ತೆಳ್ಳಗಾಗೋ ಜಾಗದಲ್ಲೇ ಒತ್ತಡವೆಲ್ಲ ಬಂದು ಕೂರುತ್ತೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಪ್ರತಿ ತಿರುವಿನಲ್ಲೂ ಬೆಳೆಯುತ್ತೆ. ಸೆನ್ನಾ ಕಾರಿನ ಕಾಲಂನಲ್ಲಿ ಅಂಥ ಬಿರುಕುಗಳಿದ್ದವು. ಅದನ್ನ ಯಾರೂ ಅಲ್ಲಗಳೆಯಲಿಲ್ಲ.

ಹಾಗಾದ್ರೆ ಜಗಳ ಯಾವುದಕ್ಕೆ? ಕಾಲಂ ಮುರಿದಿದ್ದರಿಂದ ಅಪಘಾತ ಆಯ್ತು ಅಂತ ಪ್ರಾಸಿಕ್ಯೂಷನ್. ಇಲ್ಲ, ಅಪಘಾತ ಆಗಿದ್ದರಿಂದ ಮುರೀತು, ನಿಧಾನದ ಸುತ್ತುಗಳಿಂದ ಟೈರ್ ತಣ್ಣಗಾಗಿ ಕಾರಿನ ತಳ ನೆಲಕ್ಕೆ ಬಡಿದು ಜಾರಿತು ಅಂತ ವಿಲಿಯಮ್ಸ್. 1997ರಲ್ಲಿ ಫ್ರಾಂಕ್ ವಿಲಿಯಮ್ಸ್, ಪ್ಯಾಟ್ರಿಕ್ ಹೆಡ್, ಏಡ್ರಿಯನ್ ನ್ಯೂವಿ ಎಲ್ಲರೂ ಖುಲಾಸೆ. ಕೇಸು ಮತ್ತೆ ತೆರೆಯಿತು. 2005ರಲ್ಲಿ ನ್ಯೂವಿ ಮತ್ತೆ ಖುಲಾಸೆ. ಕೊನೆಗೆ 2007ರ ಏಪ್ರಿಲ್‌ನಲ್ಲಿ ಇಟಲಿಯ ಅತ್ಯುನ್ನತ ಕೋರ್ಟ್ ಹೇಳಿತು: ಕಾಲಂ ಮುರಿದದ್ದೇ ಅಪಘಾತಕ್ಕೆ ಕಾರಣ, ಬದಲಾವಣೆಯ ವಿನ್ಯಾಸವೂ ಕೆಟ್ಟದ್ದು, ಕೆಲಸವೂ ಕೆಟ್ಟದ್ದು, ಪರಿಶೀಲಿಸಬೇಕಿದ್ದವರು ಹೆಡ್. ಆದರೆ ಶಿಕ್ಷೆ? ಇಲ್ಲ. ಕಾನೂನಿನ ಕಾಲಮಿತಿ ಅಷ್ಟೊತ್ತಿಗೆ ಮುಗಿದುಹೋಗಿತ್ತು.

ಮುಂದೆ ನ್ಯೂವಿ ತಮ್ಮ ಆತ್ಮಕಥೆಯಲ್ಲಿ ಆ ಕಾಲಂ ಕೆಟ್ಟ ವಿನ್ಯಾಸ ಅಂತ ಒಪ್ಪಿಕೊಂಡರು. ಅಪಘಾತಕ್ಕೆ ಅದೇ ಕಾರಣ ಅನ್ನೋದನ್ನ ಮಾತ್ರ ಒಪ್ಪಲಿಲ್ಲ. ಆ ವಾದ ಇವತ್ತಿಗೂ ನಿಂತಿಲ್ಲ.

ಇಲ್ಲಿ ಖಳನಾಯಕ ಯಾರು ಹೇಳಿ? ಯಾರೂ ಇಲ್ಲ. ಚಾಲಕ ಕೇಳಿದ, ತಂಡ ಪ್ರೀತಿಯಿಂದಲೇ ಮಾಡಿಕೊಟ್ಟಿತು. ತಪ್ಪಿದ್ದು ಒಂದೇ. ಬದಲಾಯಿಸಿದ ಭಾಗ ಮೊದಲಿನಷ್ಟೇ ಗಟ್ಟಿಯಾಗಿದೆಯಾ ಅಂತ ಮತ್ತೊಮ್ಮೆ ನೋಡೋ ಕಣ್ಣು ಇರಲಿಲ್ಲ.

ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರ್‌ಗಳಿದ್ದ ಗ್ಯಾರೇಜಿನ ಕಥೆ ಇದು ವೀಕ್ಷಕರೇ. ಸ್ಟೈಲ್‌ಗೋಸ್ಕರ ಮನೆ ಕಾರಿನ ಸ್ಟೀರಿಂಗ್ ಬಿಚ್ಚಿಸಿ ಬೇರೆ ಹಾಕಿಸೋರು ನಮ್ಮಲ್ಲೂ ಇದ್ದಾರೆ. ವ್ಹೀಲ್ ಜೊತೆ ಅದರೊಳಗಿನ ಏರ್‌ಬ್ಯಾಗೂ ಹೋಗುತ್ತೆ. ಡಿಕ್ಕಿಯಾದಾಗ ಎದೆಗೆ ಚುಚ್ಚದೆ ತಾನೇ ಕುಸಿಯಲಿ ಅಂತ ಕಂಪನಿ ಮಾಡಿಟ್ಟ ಕಾಲಂಗೂ ಕತ್ತರಿ ಬಿದ್ದರೆ ಉಳಿಯೋದೇನು? ಮೆಕ್ಯಾನಿಕ್‌ಗೆ ದುಡ್ಡು ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಇದನ್ನ ಪರೀಕ್ಷೆ ಮಾಡಿದವರು ಯಾರು?