ತೋಟದ ಬೆನ್ನಿಗಿರುವ ಬೆಟ್ಟ: ಶಿರಸಿ ಸೀಮೆಯ ಸಾವಯವ ಅಡಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಾವಯವ ಕೃಷಿಯ ಚರಿತ್ರೆಯನ್ನು ಪ್ರಮಾಣಪತ್ರಗಳಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಅದು ಶುರುವಾಗುವುದು ಸೊಪ್ಪಿನ ಬೆಟ್ಟದಿಂದ. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಸಿಕ್ಕಿತು. ಅಲ್ಲಿ ಕೊಚ್ಚಿದ ಸೊಪ್ಪು, ಗುಡಿಸಿ ತಂದ ದರಕು (ಒಣ ಎಲೆ) ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆ ಬುಡ ಸೇರುತ್ತಿತ್ತು. ಆ ಅಡಿಕೆಯ ನೆರಳಲ್ಲೇ ಕಾಳುಮೆಣಸು, ಏಲಕ್ಕಿ ಬೆಳೆಯುತ್ತಿದ್ದವು. 1801ರಲ್ಲಿ ಸೋಂದೆ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ತೋಟಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ.

ಮಳೆಗಾಲದ ಕೊಳೆರೋಗ ಮಾತ್ರ ಯಾವ ಗೊಬ್ಬರಕ್ಕೂ ಬಗ್ಗಲಿಲ್ಲ. ಹಿಂದೆ ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆಯ ಕುರಿತು ಅಧ್ಯಯನ ಪ್ರಕಟಿಸಿದರು. ಕೊಳೆ ತಡೆಯುವ ಬೋರ್ಡೋ ದ್ರಾವಣ ಮಲೆನಾಡಿಗೆ ಹಬ್ಬಿದ್ದು ಅಲ್ಲಿಂದಾಚೆ. ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋ, ನೀರು ನೂರು ಲೀಟರ್. ಇದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಾರಸದ ಸೀಮೆ ಬೋರ್ಡೋದಲ್ಲಿ, 1880ರ ದಶಕದಲ್ಲಿ. ಅಲ್ಲಿನ ಸಾವಯವ ದ್ರಾಕ್ಷಿ ಬೆಳೆಗಾರರನ್ನೂ ನಮ್ಮ ತೋಟಿಗರನ್ನೂ ಕಾಡುವ ಪ್ರಶ್ನೆ ಒಂದೇ: ಮಣ್ಣಿನಲ್ಲಿ ಉಳಿಯುವ ತಾಮ್ರ. ಯುರೋಪು ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಎಂದು ಮಿತಿ ಹಾಕಿದೆ. ನಮ್ಮ ಸಾವಯವ ಮಾನದಂಡವೂ ತಾಮ್ರವನ್ನು ನಿರ್ಬಂಧದೊಂದಿಗೇ ಒಪ್ಪುತ್ತದೆ. ಪ್ರತಿ ಮಳೆಗಾಲ ಎರಡು ಮೂರು ಸಲ ಔಷಧಿ ಹೊಡೆಯುವ ಊರುಗಳಲ್ಲಿ ಮಣ್ಣಿನ ತಾಮ್ರವನ್ನು ಆಗಾಗ ಅಳೆಸಲೇಬೇಕು.

ಹಸಿರು ಕ್ರಾಂತಿಯ ಕಾಲಕ್ಕೆ ರಾಸಾಯನಿಕ ಗೊಬ್ಬರದ ಚೀಲಗಳು ಬಂದವು. ಕೂಲಿಯಾಳು ಸಿಗದಾದರು, ಕೊಟ್ಟಿಗೆಗಳು ಬರಿದಾದವು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಡಿತ ತಡೆಯಲು ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡಾಗ ಅದು ಕಾಡಿನ ಚಳವಳಿ ಎನಿಸಿತು. ಆದರೆ ನೀರು, ಸೊಪ್ಪು ಎಲ್ಲಿಂದ ಬರುತ್ತದೆಂದು ಬಲ್ಲ ತೋಟಿಗರಿಗೆ ಅದು ಕೃಷಿಯ ಚಳವಳಿಯೂ ಆಗಿತ್ತು. 2004ರಲ್ಲಿ ಕರ್ನಾಟಕ ಸಾವಯವ ಕೃಷಿ ನೀತಿ ತಂದಿತು. ರೈತರು ಒಟ್ಟಾಗಿ ಪಡೆಯುವ ಗುಂಪು ಪ್ರಮಾಣೀಕರಣ ಸಣ್ಣ ಹಿಡುವಳಿದಾರರ ಖರ್ಚು ತಗ್ಗಿಸಿತು.

ಈ ಪ್ರಮಾಣೀಕರಣದ ಲಾಭ ಹೆಚ್ಚಾಗಿ ಮೆಣಸು, ಏಲಕ್ಕಿ, ಅರಿಶಿನಕ್ಕೇ ಹೊರತು ಅಡಿಕೆಗಲ್ಲ. ಗುಟ್ಕಾ ಕಾರ್ಖಾನೆಗೆ ಹೋಗುವ ಅಡಿಕೆ ಹೇಗೆ ಬೆಳೆಯಿತೆಂದು ಯಾರೂ ಕೇಳುವುದಿಲ್ಲ. 2019ರಲ್ಲಿ ಇದೇ ಮೂರು ತಾಲ್ಲೂಕುಗಳ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಿಕೆ ದೊರೆಯಿತು. ಅರ್ಜಿ ಹಾಕಿದ್ದು 1923ರಿಂದ ನಡೆದುಬಂದ ತೋಟಗಾರ್ಸ್ ಸಹಕಾರ ಸಂಘ. ಆ ಸೂಚಿಕೆ ಊರಿನ ಹೆಸರನ್ನು ಕಾಯುತ್ತದೆ, ಬೇಸಾಯದ ಕ್ರಮವನ್ನಲ್ಲ.

ಈಗ ಎಲೆಚುಕ್ಕಿ ರೋಗ ಬಂದಿದೆ. ಅದಕ್ಕೆ ಶಿಫಾರಸಾಗುವ ಪ್ರೋಪಿಕೊನಜೋಲ್ ಎಂಬ ರಾಸಾಯನಿಕ ರೋಗನಾಶಕ ಹೊಡೆದರೆ ಸಾವಯವ ಪ್ರಮಾಣಪತ್ರ ಹೋಗುತ್ತದೆ, ಹೊಡೆಯದಿದ್ದರೆ ತೋಟವೇ ಹೋದೀತೆಂಬ ಭಯ. ಈ ಇಕ್ಕಟ್ಟಿನಲ್ಲಿರುವ ರೈತನನ್ನು ದೂರಲಾರೆ. ಸರ್ಕಾರ ರೋಗನಾಶಕಕ್ಕೆ ಸಹಾಯಧನ ಕೊಡುವುದಾದರೆ ಬೆಟ್ಟದಲ್ಲಿ ಸೊಪ್ಪಿನ ಮರ ನೆಡುವವರಿಗೂ, ದನ ಸಾಕಿ ಗೊಬ್ಬರ ಮಾಡುವವರಿಗೂ ಅಷ್ಟೇ ಕೊಡಲಿ.