ಕಾಲಿನ ಧಮನಿಯನ್ನು ಕಂಡ ಬಗೆ

ಒಂದು ಫರ್ಲಾಂಗು ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಅಂಗಡಿಯೊಂದರ ಮುಂದೆ ಏನನ್ನೋ ನೋಡುವವರಂತೆ ನಿಂತು, ನೋವು ಇಳಿದ ಮೇಲೆ ಮತ್ತೆ ಹೊರಡುವ ವೃದ್ಧರ ಕಾಲಿನಲ್ಲಿ ದೋಷವಿರುವುದು ಎಲುಬಿನಲ್ಲಲ್ಲ, ರಕ್ತವನ್ನೊಯ್ಯುವ ಧಮನಿಯಲ್ಲಿ ಎಂಬ ಅರಿವು ವೈದ್ಯಶಾಸ್ತ್ರಕ್ಕೆ ಬಂದುದು, ವಿಚಿತ್ರವೆನ್ನಬೇಕು, ಮೊದಲು ಕುದುರೆಯಿಂದ. ನಡೆದರೆ ಕುಂಟುವ, ನಿಂತರೆ ಚೇತರಿಸಿಕೊಳ್ಳುವ ಕುದುರೆಯ ತೊಡೆಯ ಧಮನಿ ಮುಚ್ಚಿಹೋಗಿದ್ದುದನ್ನು ಫ್ರಾನ್ಸಿನ ಪಶುವೈದ್ಯ ಬೂಲೆ 1831ರಲ್ಲಿ ವರ್ಣಿಸಿದನು. 1858ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೊ ಅದೇ ವ್ಯಾಧಿಯನ್ನು ಮನುಷ್ಯನಲ್ಲಿ ಗುರುತಿಸಿದನು. ಆದರೆ ನಾಳವು ಎಲ್ಲಿ, ಎಷ್ಟು ಉದ್ದಕ್ಕೆ ಸಂಕುಚಿತವಾಗಿದೆಯೆಂಬುದನ್ನು ಜೀವಂತ ದೇಹದಲ್ಲಿ ಕಾಣುವ ಉಪಾಯ ಇಬ್ಬರಿಗೂ ಇರಲಿಲ್ಲ.

ರಾಂಟ್ಜನ್ನನ ಎಕ್ಸ್-ಕಿರಣಗಳು 1895ರಲ್ಲಿ ಪ್ರಕಟವಾದ ಮರುತಿಂಗಳೇ ವಿಯೆನ್ನಾದಲ್ಲಿ ಶವದ ಕೈಯೊಂದರ ನಾಳಗಳಿಗೆ ಸುಣ್ಣ, ಇಂಗಳೀಕಗಳ ಪಾಕವನ್ನು ತುಂಬಿ, ಸುಮಾರು ಒಂದು ಗಂಟೆಯ ಕಾಲ ಕಿರಣ ಹಾಯಿಸಿ ಚಿತ್ರ ತೆಗೆದರು. ಬದುಕಿರುವವನಿಗೆ ಆ ಪಾಕ ಸಲ್ಲದು. 1924ರಲ್ಲಿ ಅಮೆರಿಕದ ಬಾರ್ನಿ ಬ್ರೂಕ್ಸ್ ಕಾಲಿನ ಧಮನಿಗೆ ಸೋಡಿಯಂ ಅಯೋಡೈಡನ್ನು ಹಾಕಿ ನೋಡಿದನು. 1929ರಲ್ಲಿ ಲಿಸ್ಬನ್ನಿನ ರೆನಾಲ್ಡೊ ದೊಸ್ ಸಾಂತೊಸ್ ಇನ್ನೂ ಸಾಹಸಿಯಾಗಿ, ರೋಗಿಯನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಪಕ್ಕದಿಂದ ಉದ್ದನೆಯ ಸೂಜಿಯನ್ನು ನೇರವಾಗಿ ಮಹಾಧಮನಿಗೇ ಚುಚ್ಚಿದನು. ಓದುವಾಗಲೇ ಮೈ ಜುಮ್ಮೆನ್ನುತ್ತದೆ. ಆದರೂ ಇದನ್ನು ಕ್ರೌರ್ಯವೆನ್ನಲು ನನಗೆ ಮನಸ್ಸು ಬಾರದು, ಏಕೆಂದರೆ ಅಲ್ಲಿಯವರೆಗೆ ಶಸ್ತ್ರವೈದ್ಯನು ಕಾಲನ್ನು ಉಳಿಸುವುದೋ ಕಡಿಯುವುದೋ ಎಂಬುದನ್ನು ಬಹುಮಟ್ಟಿಗೆ ಬೆರಳಿಗೆ ಸಿಕ್ಕ ನಾಡಿಯನ್ನು ನಂಬಿ ನಿರ್ಧರಿಸಬೇಕಾಗಿದ್ದಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ತೊಡೆಸಂದಿನಲ್ಲಿ ಸೂಜಿ ಚುಚ್ಚಿ, ಅದರೊಳಗಿಂದ ತಂತಿಯನ್ನು ಇಳಿಸಿ, ಸೂಜಿಯನ್ನು ಹಿಂತೆಗೆದು, ತಂತಿಯ ಮೇಲೆ ಕ್ಯಾಥೆಟರೆಂಬ ಸಣ್ಣ ಕೊಳವೆಯನ್ನು ಜಾರಿಸುವ ಸರಳ ಕ್ರಮವನ್ನು ಪ್ರಕಟಿಸಿದನು.

ಹೌನ್ಸ್‌ಫೀಲ್ಡನೆಂಬ ಇಂಜಿನಿಯರನು ರೂಪಿಸಿದ, ದೇಹವನ್ನು ಎಕ್ಸ್-ಕಿರಣಗಳಿಂದ ಪದರಪದರವಾಗಿ ಚಿತ್ರಿಸುವ ಸಿ.ಟಿ. ಯಂತ್ರವು 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯನ್ನು ನೋಡಿದಾಗ, ಅದು ಕಾಲಿಗೆ ಉಪಯೋಗಿಸುವ ಯಂತ್ರವೆಂದು ಯಾರಿಗೂ ತೋರಿರಲಾರದು. ತಲೆಯ ಒಂದೊಂದು ಪದರಕ್ಕೂ ನಿಮಿಷಗಟ್ಟಲೆ ಹಿಡಿಯುತ್ತಿದ್ದಿತು. ತಲೆ ಕಾದೀತು, ಹರಿಯುವ ರಕ್ತ ಕಾಯದು. 1989ರ ಸುಮಾರಿಗೆ, ಕಿರಣನಳಿಗೆ ಎಡೆಬಿಡದೆ ಸುತ್ತುತ್ತಿರುವಾಗಲೇ ಮೇಜೂ ಮುಂದೆ ಸರಿಯುವ ಸುರುಳಿ ಸಿ.ಟಿ.ಯೂ, 1998ರಲ್ಲಿ ಒಮ್ಮೆಗೇ ನಾಲ್ಕು ಪದರಗಳನ್ನು ಗ್ರಹಿಸುವ ಯಂತ್ರವೂ ಬಂದಮೇಲೆ, ಹೊಟ್ಟೆಯಿಂದ ಕಾಲ್ಬೆರಳಿನವರೆಗಿನ ಮೀಟರಿಗೂ ಮಿಕ್ಕ ದೂರವನ್ನು ಒಂದೇ ಓಟದಲ್ಲಿ ನೋಡುವುದು ಸಾಧ್ಯವಾಯಿತು. ಧಮನಿಗೆ ಚುಚ್ಚಬೇಕಾಗಿಲ್ಲ; ಮೊಳಕೈ ಬಳಿಯ ಸಿರೆಗೆ ಅಯೋಡಿನ್ ದ್ರವ ಸೇರಿಸಿದರೆ ಸಾಕು, ಮೈಯೆಲ್ಲ ಕ್ಷಣಕಾಲ ಬಿಸಿಯೇರಿದಂತಾಗಿ ಪರೀಕ್ಷೆ ಮುಗಿಯುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮಾತ್ರ ಈ ದ್ರವವನ್ನು ಯೋಚಿಸಿಯೇ ಕೊಡಬೇಕು.

ವೇಗವು ತನ್ನದೇ ತೊಡಕನ್ನು ತಂದಿತು. ರೋಗಗ್ರಸ್ತ ಕಾಲಿನಲ್ಲಿ ರಕ್ತ ನಿಧಾನವಾಗಿ ಇಳಿಯುವುದರಿಂದ, ಹೊಸ ಯಂತ್ರದ ಮೇಜು ರಕ್ತವನ್ನೇ ಹಿಂದೆ ಹಾಕಿ, ಇನ್ನೂ ದ್ರವ ತಲಪದ ಪಾದವನ್ನು ಚಿತ್ರಿಸಿ, ತೆರೆದಿರುವ ನಾಳವನ್ನೂ ಮುಚ್ಚಿದೆಯೆಂದು ತೋರಿಸಬಲ್ಲುದು. ಆದುದರಿಂದ ಬಹು ಖರ್ಚಿನಿಂದ ಗಳಿಸಿದ ವೇಗವನ್ನು ತಂತ್ರಜ್ಞರು ಬೇಕೆಂದೇ ತಗ್ಗಿಸುತ್ತಾರೆ. ಇನ್ನೊಂದು ತೊಡಕು ಸುಣ್ಣದ್ದು. ಬಹುಕಾಲದ ಸಕ್ಕರೆ ಕಾಯಿಲೆಯವರ ಮೊಣಕಾಲ ಕೆಳಗಿನ ಸಣ್ಣ ಧಮನಿಗಳ ಭಿತ್ತಿಯಲ್ಲಿ ಕೂತ ಕ್ಯಾಲ್ಸಿಯಂ, ಸಿ.ಟಿ. ಚಿತ್ರದಲ್ಲಿ ಅಯೋಡಿನ್ನಿನಂತೆಯೇ ಬೆಳ್ಳಗೆ ಹೊಳೆದು, ತನ್ನ ನಿಜವಾದ ಗಾತ್ರಕ್ಕಿಂತ ದಪ್ಪನಾಗಿ ಹರಡಿ, ಒಳಗಿನ ದಾರಿಯನ್ನೇ ನುಂಗಿಬಿಡುತ್ತದೆ. ಅಂಥ ಕಾಲಿನ ಮುಂದೆ ಅನುಭವಿಯಾದ ವೈದ್ಯನು ಇಂದಿಗೂ ಸೆಲ್ಡಿಂಗರನ ತಂತಿಯನ್ನೂ ಕ್ಯಾಥೆಟರನ್ನೂ ತರಿಸುವುದುಂಟು.