ಸೈಕಲ್ಲಿಗೆ ಗೇರು ಬಂದ ಕಥೆ

ಏರು ಬಂತೆಂದರೆ ಸೈಕಲ್ಲಿನಿಂದಿಳಿದು ತಳ್ಳುವುದು ನಮಗೆಲ್ಲ ರೂಢಿ. ಫ್ರಾನ್ಸಿನ ಸಾಂತ್ ಎತಿಯೆನ್ ಊರಿನ ಪಾಲ್ ದ ವಿವೀ (1853–1930) ಇದನ್ನು ಒಪ್ಪಲಿಲ್ಲ. ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಅಂಗಡಿ ತೆರೆದ ಆತ, 1887ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆಯನ್ನೂ ಹೊರಡಿಸಿದ. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆದ. ಬೆಟ್ಟದ ದೂರಪಯಣಗಳಿಗೆಂದು ತನ್ನ ಸೈಕಲ್ಲನ್ನು ಮತ್ತೆ ಮತ್ತೆ ಮಾರ್ಪಡಿಸಿದ. ಏರಿಗೊಂದು, ಬಯಲಿಗೊಂದು ಎಂದು ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳನ್ನು ಜೋಡಿಸಿ, ಚೈನು ಬದಲಿಸುವ ಪ್ರಯೋಗ ನಡೆಸಿದ.

ಗೇರು ಕೈಲಾಗದವರಿಗೆ ಎಂದು ಪಂದ್ಯದವರು ಮೂಗು ಮುರಿದರು. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ, ಚೈನು ಸರಿಸುವ ಗೇರಿಗೆ ಎಲ್ಲರಿಗೂ ಅನುಮತಿ ನೀಡಿದ್ದು 1937ರಲ್ಲಿ. ವೆಲೋಸಿಯೊ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು. ಇಂದು ಅದೇ ಪಂದ್ಯದಲ್ಲಿ ಗೇರಿಲ್ಲದ ಸೈಕಲ್ ಕಾಣಸಿಗದು. ಊರು ಸುತ್ತುವವನ ಹಟ ಪಂದ್ಯದವರಿಗೂ ದಾರಿ ತೋರಿಸಿತು.